ಹಾಸ್ಟೆಲ್ ಮೆಸ್‌ಗೆ ಆ್ಯಪ್ ಮಾಡ್ತೀರಾ? ಮೊದಲು ಭಟ್ಟರ ಹತ್ತಿರ ಹೋಗಿ

ಹಾಸನದ ಹಾಸ್ಟೆಲ್‌ಗಳಲ್ಲಿ ಎಲ್ಲರ ಕೈಯಲ್ಲೂ ಫೋನ್ ಇದೆ. ಆದರೂ ಇವತ್ತಿನ ಸಾಂಬಾರಿಗೆ ಏನೇನು ಬಿದ್ದಿದೆ ಅಂತ ತಿಳಿಯಬೇಕಾದರೆ ಬಡಿಸುವವರನ್ನೇ ಕೇಳಬೇಕು, ಅಷ್ಟರಲ್ಲಿ ಹಿಂದಿನ ಸಾಲು ಗೊಣಗಲು ಶುರು ಮಾಡಿರುತ್ತದೆ. ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಇನ್ನೊಬ್ಬರಿಗೆ ಕಡಲೆಕಾಯಿ ಅಲರ್ಜಿ, ಹಾಲು ಆಗದವರು ಬೇರೆ. ಸೀಲಿಯಾಕ್ ಅನ್ನುವ ಕಾಯಿಲೆ ಇದ್ದವರಿಗಂತೂ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಚೂರು ಹೋದರೂ ಸಣ್ಣ ಕರುಳಿಗೆ ಪೆಟ್ಟು. ಇದಕ್ಕೆ ಒಂದು ಸಣ್ಣ ಆ್ಯಪ್ ಸಾಕು, ಕೋಡಿಂಗ್ ಬರಲೇಬೇಕು ಅಂತಿಲ್ಲ.

ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ. ಮೊದಲು ವಾರ್ಡನ್ ಒಪ್ಪಿಗೆ ಪಡೆದು ಮೆಸ್‌ನ ಸ್ಟೋರ್ ರೂಮಿಗೆ ಹೋಗಿ, ಭಟ್ಟರು ಬಿಡುವಾಗಿರುವ ಹೊತ್ತು ನೋಡಿಕೊಂಡು, ಪ್ರತಿ ಪೊಟ್ಟಣದ ಹಿಂಬದಿಯ ಫೋಟೋ ತೆಗೆಯಿರಿ. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಇದ್ದರೆ ಲೇಬಲ್ ಮೇಲೆ ಹೇಳಲೇಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಇಲ್ಲೇ ನಿಜವಾದ ವಿಷಯ ಸಿಗುವುದು. ಅಂಗಡಿಯ ಪುಡಿ ಇಂಗಿಗೆ ಎಷ್ಟೋ ಕಡೆ ಗೋಧಿ ಹಿಟ್ಟು ಸೇರಿಸಿರುತ್ತಾರೆ, ಅಂದರೆ ಅನ್ನ-ಸಾರು ತಿಂದೂ ಹೊಟ್ಟೆ ಕೆಡಬಹುದು. ಅಕ್ಕಿ ಇಡ್ಲಿ ಪರವಾಗಿಲ್ಲ, ರವೆ ಇಡ್ಲಿ ಗೋಧಿಯದ್ದು. ಶಾವಿಗೆ ಯಾವುದರದ್ದು ಅಂತ ಪೊಟ್ಟಣ ನೋಡಿಯೇ ಹೇಳಬೇಕು. ರಾಗಿಯಲ್ಲಿ ಗ್ಲುಟೆನ್ ಇಲ್ಲ ನಿಜ, ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನೂ ಬೀಸಿದ್ದರೆ ಮುದ್ದೆಯನ್ನೂ ನಂಬುವ ಹಾಗಿಲ್ಲ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುತ್ತಾರಾ, ಪಲ್ಯಕ್ಕೆ ಹಾಕಿದ ಸೌಟನ್ನೇ ಸಾಂಬಾರಿಗೂ ಹಾಕುತ್ತಾರಾ, ಇದನ್ನೂ ಕೇಳಿ. ತನಿಖೆಗೆ ಬಂದವರ ಥರ ಅಲ್ಲ, ಸುಮ್ನೆ ಮಾತಾಡುತ್ತಾ ಕೇಳಿ.

ಆಮೇಲೆ ಗೂಗಲ್ ಶೀಟ್‌ನಲ್ಲಿ ಮೂರು ಪಟ್ಟಿ ಮಾಡಿ: ಸಾಮಾನು, ಅಡುಗೆ, ಇವತ್ತಿನ ಮೆನು. ಯಾವ ಅಡುಗೆಗೆ ಯಾವ ಸಾಮಾನು ಅನ್ನುವುದನ್ನು ಒಂದಕ್ಕೊಂದು ಜೋಡಿಸಿ. ಇಂಗಿನ ಬ್ರ್ಯಾಂಡ್ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು, ಸಾರು, ಬಿಸಿಬೇಳೆಬಾತ್ ಎಲ್ಲದರ ಎದುರಿಗೂ ತಾನಾಗಿಯೇ ಬದಲಾಗುತ್ತದೆ. ಕೋಡಿಂಗ್ ಇಲ್ಲದೆ ಆ್ಯಪ್ ಮಾಡಿಕೊಡುವ ಗೂಗಲ್‌ನ ಆ್ಯಪ್‌ಶೀಟ್ ಥರದ್ದರಲ್ಲಿ ಈ ಶೀಟನ್ನೇ ಆ್ಯಪ್ ಮಾಡಬಹುದು.

ಹುಡುಗರು ನೋಡುವ ಪರದೆ ಚೆಂದ ಮಾಡಲು ಎಲ್ಲರೂ ಒದ್ದಾಡುತ್ತಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಭಟ್ಟರ ಪರದೆ ಮುಖ್ಯ, ಯಾಕಂದರೆ ಅವರು ಒತ್ತದಿದ್ದರೆ ನಿಮ್ಮ ಆ್ಯಪ್‌ನಲ್ಲಿ ಏನೂ ಇಲ್ಲ. ಅದು ಕನ್ನಡದಲ್ಲಿರಲಿ, ದೊಡ್ಡ ಬಟನ್, ಅಡುಗೆಯ ಚಿತ್ರ, ಹಿಟ್ಟಾದ ಬೆರಳಿನಲ್ಲೂ ಒತ್ತುವಂತಿರಲಿ. ಟೈಪ್ ಮಾಡುವ ಕೆಲಸ ಬೇಡವೇ ಬೇಡ. ಸೊಪ್ಪು ಬರಲಿಲ್ಲ, ಕೊನೇ ಗಳಿಗೆಯಲ್ಲಿ ಚಿತ್ರಾನ್ನ ಮಾಡಿದರು ಅನ್ನುವುದು ಮೆಸ್‌ನಲ್ಲಿ ಮಾಮೂಲಿ, ಅದರಲ್ಲಿ ಕಡಲೆಕಾಯಿ ಬೀಜ ಇದ್ದೇ ಇರುತ್ತದೆ ಅಲ್ವಾ. ಹಾಗಾಗಿ ಭಟ್ಟರು ಒಪ್ಪಿಗೆ ಒತ್ತುವವರೆಗೆ ಹಳೇ ಮೆನು ತೋರಿಸಬೇಡಿ, ‘ಇನ್ನೂ ಗೊತ್ತಾಗಿಲ್ಲ’ ಅಂತ ತೋರಿಸಿ. ‘ಸೇಫ್’ ಅನ್ನುವ ಹಸಿರು ಗುರುತನ್ನಂತೂ ಎಲ್ಲೂ ಹಾಕಬೇಡಿ. ಏನೇನು ಹಾಕಿದೆ ಅಂತ ಹೇಳಿ, ತಿನ್ನೋದು ಬಿಡೋದು ಅವರಿಗೆ ಬಿಡಿ.

ಹೆಸರು ಬರೆಸುವಾಗ ಯಾವುದು ತಿನ್ನಲ್ಲ ಅಂತ ಮಾತ್ರ ಕೇಳಿ. ಜಾತಿ, ಧರ್ಮ, ಕಾಯಿಲೆ ಕೇಳಬೇಡಿ. ಈರುಳ್ಳಿ ಬೇಡ ಅಂದವರು ಯಾಕೆ ಅಂತ ಹೇಳಬೇಕಾಗಿಲ್ಲ. ಜೋರು ಅಲರ್ಜಿ ಇದ್ದವರ ವಿವರ ಮಾತ್ರ, ಅವರು ಒಪ್ಪಿದರೆ, ವಾರ್ಡನ್‌ಗೆ ಕಾಣಲಿ. ಅಲರ್ಜಿ ಇದ್ದವರ ಪರದೆಯಲ್ಲಿ 108ಕ್ಕೆ ಫೋನ್ ಹೋಗುವ ಬಟನ್ ಇಡಿ. ತುಟಿ ಊದಿ ಉಸಿರು ಕಟ್ಟಿದರೆ ಮೆನು ಓದುತ್ತಾ ಕೂರೋಕಾಗಲ್ಲ.

ನಾಳೆಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಎಷ್ಟು ಜನಕ್ಕೆ ಅನ್ನುವ ಲೆಕ್ಕ ಹಿಂದಿನ ರಾತ್ರಿಯೇ ಭಟ್ಟರಿಗೆ ಸಿಗಬೇಕು. ಏಕಾದಶಿ ದಿನ ಈ ಲೆಕ್ಕ ಏರಬಹುದು. ಅಷ್ಟು ಮಂದಿಗೆ ಬೇರೆ ಅಡುಗೆ ಮಾಡಬೇಕಾಗಿಲ್ಲ, ಈರುಳ್ಳಿ ಹಾಕುವ ಮೊದಲು ಬೆಂದ ಬೇಳೆಯನ್ನು ಬೇರೆ ಪಾತ್ರೆಗೆ ತೆಗೆದು ಒಗ್ಗರಣೆ ಕೊಟ್ಟರೆ ಆಯಿತು.

ಮೊದಲ ವಾರ ಬರೀ ತಿಂಡಿಗೆ ಶುರು ಮಾಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ, ಅದಕ್ಕೆ ಅದೇ ಪಟ್ಟಿಯನ್ನು ಚಾಕ್‌ಪೀಸ್‌ನಲ್ಲಿ ಕೌಂಟರ್ ಪಕ್ಕದ ಬೋರ್ಡಿನ ಮೇಲೂ ಬರೆಸಿ.