ಹಳ್ಳಿಯ ಪುಟ್ಟ ಮಕ್ಕಳು ಏಕೆ ಸಾಯುತ್ತಾರೆ? ಕಾರಣ ಹುಡುಕುವುದು ಹೀಗೆ

ಬಡ ಹಳ್ಳಿಯಲ್ಲಿ ಒಂದೂವರೆ ವರ್ಷದ ಮಗು ತೀರಿಕೊಂಡರೆ ದಾಖಲೆಯಲ್ಲಿ ‘ಭೇದಿ’ ಅಂತ ಬರೆದು ಮುಗಿಸುತ್ತಾರೆ. ಎಷ್ಟೋ ಕಡೆ ಅಷ್ಟನ್ನೂ ಬರೆಯುವುದಿಲ್ಲ. ಆದರೆ ಭೇದಿ ಎಲ್ಲ ಮಕ್ಕಳಿಗೂ ಆಗುತ್ತದೆ ಅಲ್ವಾ? ಈ ಮಗು ಮಾತ್ರ ಯಾಕೆ ಉಳಿಯಲಿಲ್ಲ? ಕೇಳಬೇಕಾದ್ದು ಇದನ್ನು. 2022ರಲ್ಲಿ ಜಗತ್ತಿನಾದ್ಯಂತ ಐದು ವರ್ಷ ತುಂಬುವ ಮೊದಲೇ ಸುಮಾರು 49 ಲಕ್ಷ ಮಕ್ಕಳು ಸತ್ತರು. ಅದರಲ್ಲಿ ಹೆಚ್ಚಿನವು ತಡೆಯಬಹುದಾಗಿದ್ದ ಸಾವುಗಳು. ಆರೋಗ್ಯ ಕಾರ್ಯಕರ್ತೆಯರು, ಶಿಕ್ಷಕರು, ಊರಿನ ಬಗ್ಗೆ ಕಾಳಜಿ ಇರುವ ಯಾರೇ ಆಗಲಿ, ಕಾರಣ ಹುಡುಕುವ ಕೆಲಸ ಶುರು ಮಾಡಬಹುದು.

ಮೊದಲು ವಯಸ್ಸು ನೋಡಿ

ಹುಟ್ಟಿ 28 ದಿನದೊಳಗೆ ಸತ್ತಿತೋ, ಆಮೇಲೋ? ಎರಡರ ದಾರಿಯೇ ಬೇರೆ. ಐದು ವರ್ಷದೊಳಗಿನ ಸಾವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಈ ಮೊದಲ 28 ದಿನಗಳಲ್ಲೇ ಆಗುತ್ತವೆ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜು (ಸೋಂಕು), ಇವೇ ದೊಡ್ಡ ಕಾರಣಗಳು. ಹಾಗಾಗಿ ಕೂಸಿನ ಸಾವಾದರೆ ಹೆರಿಗೆಯ ಬಗ್ಗೆ ಕೇಳಿ. ಜೊತೆಗೆ ಯಾರಿದ್ದರು, ಹೊಕ್ಕುಳಬಳ್ಳಿ ಯಾವುದರಿಂದ ಕತ್ತರಿಸಿದರು, ಕೂಸನ್ನು ಕೂಡಲೇ ಒರೆಸಿ ಬೆಚ್ಚಗೆ ಇಟ್ಟರಾ, ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕಿತಾ? ಹುಟ್ಟಿದ ಕೂಡಲೇ ಸ್ನಾನ ಮಾಡಿಸಿದರೆ ಕೂಸಿನ ಮೈ ತಣ್ಣಗಾಗುತ್ತದೆ. ಅದಕ್ಕೇ 24 ಗಂಟೆ ಕಾಯಬೇಕು ಅನ್ನುವುದು. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವುದು ಖರ್ಚೇ ಇಲ್ಲದ ಉಪಾಯ, ಎಷ್ಟೋ ಜೀವ ಉಳಿಸಿದೆ.

ತಿಂಗಳು ದಾಟಿದ ಮಕ್ಕಳಲ್ಲಿ ನ್ಯುಮೋನಿಯಾ, ಭೇದಿ, ಮತ್ತು ಮಲೇರಿಯಾ ಇರುವ ಕಡೆ ಮಲೇರಿಯಾ ಮುಂದೆ ಬರುತ್ತವೆ.

ಮನೆಯವರ ಮಾತು ಕೇಳಿ

ಆಸ್ಪತ್ರೆ ಮುಟ್ಟದೆ ಸತ್ತ ಮಗುವಿನ ಕಾರಣ ತಿಳಿಯಲು ಮನೆಯವರನ್ನೇ ಮಾತಾಡಿಸುವ ಪದ್ಧತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಪ್ರಶ್ನಾವಳಿ ಮಾಡಿಟ್ಟಿದೆ. ಸಾವಾದ ಮರುದಿನವೇ ಹೋಗಬೇಡಿ. ಕೆಲವು ವಾರ ಬಿಟ್ಟು, ಒಪ್ಪಿಗೆ ಕೇಳಿ, ಪುಸ್ತಕ ಪಕ್ಕಕ್ಕಿಟ್ಟು ಕೂತುಕೊಳ್ಳಿ. ‘ಯಾಕೆ ಕರೆದುಕೊಂಡು ಹೋಗಲಿಲ್ಲ?’ ಅಂತ ಮಾತ್ರ ಯಾವತ್ತೂ ಕೇಳಬೇಡಿ. ತಪ್ಪು ತಾಯಿಯದೇ ಅನ್ನುವ ಹಾಗೆ ಆಗುತ್ತದೆ, ಅವಳು ಮತ್ತೆ ಬಾಯಿ ಬಿಡುವುದಿಲ್ಲ. ‘ಮಗು ಯಾವಾಗಿನಿಂದ ಸಪ್ಪಗಾಯಿತು ಅಮ್ಮ?’ ಅಂತ ಶುರು ಮಾಡಿ, ಆಮೇಲೆ ದಿನ ದಿನವಾಗಿ ಮುಂದೆ ಹೋಗಿ. ಅವರು ಹೇಳಿ ಮುಗಿಸಿದ ಮೇಲೆ ನಿಮ್ಮ ಪ್ರಶ್ನೆ.

ಕಾಯಿಲೆಯ ಗುರುತು ಹಿಡಿಯಿರಿ

ಕೆಮ್ಮಿತ್ತಾ, ಉಸಿರು ಜೋರಾಗಿತ್ತಾ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿತ್ತಾ? ಹೌದಾದರೆ ನ್ಯುಮೋನಿಯಾ ಇರಬಹುದು. ಈ ಗುರುತು ಕಲಿತರೆ ಈಗ ಬದುಕಿರುವ ಮಕ್ಕಳಿಗೂ ಉಪಯೋಗ. ಮಗು ಅಳದೆ ಸುಮ್ನೆ ಇರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಭೇದಿಯಾದರೆ, ನೀರು ಮತ್ತು ಹಾಲು ನಿಲ್ಲಿಸಿದ್ದರಾ ಅಂತ ಕೇಳಿ. ನಿಲ್ಲಿಸಿದರೆ ಭೇದಿ ನಿಲ್ಲುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ಮಕ್ಕಳನ್ನು ಕೊಲ್ಲುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಟೀ ಚಮಚದಲ್ಲೇ ಅಳೆದು ಹಾಕಿ. ಉಪ್ಪು ಜಾಸ್ತಿ ಆಗಲೇಬಾರದು. ಗುಟುಕು ಗುಟುಕಾಗಿ ಕೊಡುತ್ತಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಜೊತೆಗೆ 10ರಿಂದ 14 ದಿನ ಸತುವಿನ ಮಾತ್ರೆ: ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನವರಿಗೆ 10.

ಕಾಯಿಲೆಗೂ ಮುಂಚೆ ಏನಿತ್ತು?

ಅಪೌಷ್ಟಿಕತೆ ಅಂತ ಯಾವ ಸಾವಿನ ಮುಂದೆಯೂ ಬರೆದಿರುವುದಿಲ್ಲ. ಆದರೆ ಐದು ವರ್ಷದೊಳಗಿನ ಸಾವುಗಳಲ್ಲಿ ಸುಮಾರು ಅರ್ಧಕ್ಕೆ ಅದರ ನಂಟಿದೆ. ಸೊರಗಿದ ಮಗುವಿಗೆ ಭೇದಿ ಬೇಗ ಬರುತ್ತದೆ, ಭೇದಿ ಬಂದು ಮತ್ತಷ್ಟು ಸೊರಗುತ್ತದೆ, ಹೀಗೆ ಮೂರ್ನಾಲ್ಕು ಸುತ್ತು ಆದಮೇಲೆ ಒಂದು ಸಾಧಾರಣ ಜ್ವರ ಸಾಕು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಕಾಯಬೇಡಿ, ಚಿಕಿತ್ಸೆಗೆ ಕಳಿಸಿ.

ಲಸಿಕೆ, ಕುಡಿಯುವ ನೀರು, ಶೌಚಾಲಯ, ಒಲೆ ಹೊಗೆ ಇವನ್ನೆಲ್ಲ ಬರೆದುಕೊಳ್ಳಿ. ಹಿಂದಿನ ಮಗುವಿಗೂ ಇದಕ್ಕೂ ಎಷ್ಟು ಅಂತರ ಅಂತಲೂ ಕೇಳಿ. ಹೆರಿಗೆಯಾಗಿ ಎರಡು ವರ್ಷವೂ ಆಗದೆ ಮತ್ತೆ ಬಸುರಿಯಾದರೆ ತಾಯಿಗೂ ಮಕ್ಕಳಿಗೂ ಅಪಾಯ ಜಾಸ್ತಿ. ತಾಯಿ ಎಷ್ಟು ಓದಿದ್ದಾಳೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಓದಿದ ತಾಯಂದಿರ ಮಕ್ಕಳು ಉಳಿಯುವುದು ಜಾಸ್ತಿ ಅಂತ ಎಷ್ಟೋ ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ.

ಗಂಟೆಗಳ ಲೆಕ್ಕ ಹಾಕಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ತಡ ಮೂರು ಕಡೆ ಆಗುತ್ತದೆ: ಹೋಗೋಣ ಅಂತ ತೀರ್ಮಾನಿಸುವಾಗ, ದಾರಿಯಲ್ಲಿ, ಮತ್ತು ಆಸ್ಪತ್ರೆ ಬಾಗಿಲು ಮುಟ್ಟಿದ ಮೇಲೆ. ಪ್ರತಿಯೊಂದಕ್ಕೂ ಎಷ್ಟು ಗಂಟೆ ಹೋಯಿತು ಅಂತ ಬರೆಯಿರಿ. ಹಣ ಕೈಯಲ್ಲಿಲ್ಲದೆ, ಹಿರಿಯರ ಒಪ್ಪಿಗೆಗೆ ಕಾದು, ರಾತ್ರಿ ಗಾಡಿ ಸಿಗದೆ, ಕೊನೆಗೆ ಹೇಗೋ ತಲುಪಿದರೆ ಅಲ್ಲಿ ಆಮ್ಲಜನಕವೇ ಇಲ್ಲದೆ ಹೋದ ಮಗುವಿನ ಸಾವಿಗೆ ‘ತಾಯಿಯ ಅಜ್ಞಾನ’ ಅಂತ ಕಾರಣ ಬರೆಯುವುದು ದೊಡ್ಡ ಅನ್ಯಾಯ.

ಎಲ್ಲವನ್ನೂ ಜೊತೆಗಿಟ್ಟು ನೋಡಿ

ಒಂದು ಸಾವಿನಿಂದ ಏನನ್ನೂ ಹೇಳಲಾಗದು. ಒಂದೆರಡು ವರ್ಷದ ದಾಖಲೆಗಳನ್ನು ತಿಂಗಳು, ವಯಸ್ಸು, ಊರಿನ ಯಾವ ಭಾಗ ಅನ್ನುವ ಲೆಕ್ಕದಲ್ಲಿ ಜೋಡಿಸಿ. ಹೆಸರು ತೆಗೆದುಹಾಕಿ. ಸಾವುಗಳು ಒಂದೇ ಬಾವಿಯ ಸುತ್ತ ಇವೆಯಾ, ಮಳೆಗಾಲದಲ್ಲಿ ರಸ್ತೆ ಮುಚ್ಚಿದಾಗ ಜಾಸ್ತಿಯಾ, ಮನೆಯಲ್ಲಿ ಹೆರಿಗೆಯಾದ ಕೂಸುಗಳದ್ದೇ ಹೆಚ್ಚಾ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಅದನ್ನು ಮೊದಲು ಊರವರ ಮುಂದೆ ಇಡಿ, ಆಮೇಲೆ ಅಧಿಕಾರಿಗಳ ಹತ್ತಿರ ಒಯ್ಯಿರಿ. ಬರೀ ‘ಆರೋಗ್ಯ ಸೌಲಭ್ಯ ಸುಧಾರಿಸಿ’ ಅಂದರೆ ಯಾರೂ ಅಲುಗಾಡುವುದಿಲ್ಲ. ರಾತ್ರಿ ಗಾಡಿ ಬೇಕು, ಈ ಬಾವಿಯ ನೀರು ಪರೀಕ್ಷೆ ಆಗಬೇಕು, ಆರೋಗ್ಯ ಕೇಂದ್ರದಲ್ಲಿ ಆಮ್ಲಜನಕ ಇರಬೇಕು ಅಂತ ಒಂದೊಂದಾಗಿ ಕೇಳಿ. ಯಾವಾಗ ಮಾಡುತ್ತೀರಿ ಅಂತ ದಿನಾಂಕವನ್ನೂ ಕೇಳಿ ಬರೆದುಕೊಳ್ಳಿ.