ಅಕ್ಷರಕ್ಕೊಂದು ಪುಸ್ತಕ, ಸ್ಟೇಷನ್ನಿಗೊಂದು ಪುಸ್ತಕ

ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನನಗೊಂದು ಡೈರಿ ಸಿಕ್ಕಿತು. 1933ರಿಂದ 1936ರವರೆಗೆ ಯಾರೋ ಒಬ್ಬರು ರಾತ್ರಿ ಹೊತ್ತು ಮೀಡಿಯಂ ವೇವ್ ರೇಡಿಯೋ ಕೇಳಿ, ಕೇಳಿಸಿದ ಒಂದೊಂದು ಸ್ಟೇಷನ್ನನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ನಾಲ್ಕೇ ಕಾಲಂ: ತಾರೀಕು, ಹೊತ್ತು, ಕಿಲೋಸೈಕಲ್ (ಡಯಲ್ಲಿನ ಮೇಲೆ ಸ್ಟೇಷನ್ ಸಿಗುವ ಅಂಕಿ), ಕಾಲ್ ಸೈನ್ (ಸ್ಟೇಷನ್ನಿನ ಮೂರು-ನಾಲ್ಕು ಅಕ್ಷರದ ಹೆಸರು). ಅಲ್ಲಲ್ಲಿ ಪಕ್ಕದಲ್ಲಿ ಊರಿನ ಹೆಸರು. ಪೆನ್ಸಿಲ್ ಗುರುತು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಇನ್ನೂ ಮಾಸುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಬಿಡೋಣ ಅಂತ ಕೂತೆ.

ನನಗೂ ಅದೇ ಹವ್ಯಾಸ. ಅಮೆರಿಕದ ಪೂರ್ವ ಭಾಗಕ್ಕೆ ಬಂದಾಗಿನಿಂದ ಕತ್ತಲಾದ ಮೇಲೆ ರೇಡಿಯೋ ಹಾಕಿ ದೂರದ ಸ್ಟೇಷನ್ ಹುಡುಕುತ್ತೇನೆ. ಇಲ್ಲಿನ ಪ್ರತಿ ಸ್ಟೇಷನ್ನೂ ಗಂಟೆಗೊಮ್ಮೆ ತನ್ನ ಕಾಲ್ ಸೈನ್ ಹೇಳಬೇಕು, ಅದರ ಬೆನ್ನಿಗೇ ಊರಿನ ಹೆಸರು ಹೇಳಬೇಕು. ಅದು ನಿಯಮ. ಗರಗರ ಸದ್ದಿನ ನಡುವೆ ಆ ಮೂರೋ ನಾಲ್ಕೋ ಅಕ್ಷರ ಕಿವಿಗೆ ಬಿದ್ದರೆ ಸಾಕು, ಆ ರಾತ್ರಿ ಸಾರ್ಥಕ.

ಡೈರಿ ಏರಿಸುವಾಗ ಒಂದು ಸಾಲು ಬಂತು: 860, ಡಬ್ಲ್ಯುಎಬಿಸಿ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಇರುವುದು 770ರಲ್ಲಿ. ನಾನೇ ಎಷ್ಟೋ ರಾತ್ರಿ ಕೇಳಿದ್ದೇನೆ. ಡಯಲ್ ನೋಡುವಾಗ ಕಣ್ಣು ತಪ್ಪಿದೆ ಅಂದುಕೊಂಡು 770 ಅಂತ ತಿದ್ದಿದೆ. ಮುಂದಿನ ಪುಟದಲ್ಲೂ 860. ಅದನ್ನೂ ತಿದ್ದಿದೆ. ಹೀಗೆ ಹನ್ನೊಂದು ಕಡೆ ಆಯಿತು. ಹನ್ನೆರಡನೆಯದು ಬಂದಾಗ ಕೈ ನಿಂತಿತು. ಇಷ್ಟು ಶಿಸ್ತಿನಿಂದ ಬರೆದ ಮನುಷ್ಯ ಹನ್ನೆರಡು ಸಲ ಒಂದೇ ತಪ್ಪು ಮಾಡುತ್ತಾರಾ?

ಮಾಡಿರಲಿಲ್ಲ. ತಪ್ಪು ನನ್ನದು. 1930ರ ದಶಕದಲ್ಲಿ ಡಬ್ಲ್ಯುಎಬಿಸಿ ಅನ್ನುವ ಅಕ್ಷರ ಇದ್ದದ್ದು ಬೇರೆ ಸ್ಟೇಷನ್ನಿನ ಮೇಲೆ, 860ರಲ್ಲೇ. ಅಲ್ಲಿಂದ ಆ ನಾಲ್ಕು ಅಕ್ಷರದ ಬೆನ್ನು ಹತ್ತಿದೆ. ಹಿಂದೆ ಹೋದಷ್ಟೂ ಕಥೆ ಬಿಚ್ಚಿಕೊಂಡಿತು.

ಮೊದಲು ಅದು ನಾರ್ತ್ ಕೆರೊಲಿನಾದ ಆಶ್‌ವಿಲ್ ಊರಿನ ಒಂದು ಬ್ಯಾಟರಿ ಕಂಪನಿಯದು. ಆಶ್‌ವಿಲ್ ಬ್ಯಾಟರಿ ಕಂಪನಿ, ಅದರಿಂದ ಎ, ಬಿ, ಸಿ. ಆಗ ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಎಚ್. ಗ್ರೀಬ್ ಎಂಬ ರೇಡಿಯೋ ತಯಾರಕರು ತಮ್ಮ ಹೆಸರಿನ ಮೊದಲ ಅಕ್ಷರಗಳಲ್ಲೇ ಡಬ್ಲ್ಯುಎಎಚ್‌ಜಿ ಎಂಬ ಸ್ಟೇಷನ್ ನಡೆಸುತ್ತಿದ್ದರು. 1926ರಲ್ಲಿ ಆ ಸ್ಟೇಷನ್ ಅವರದೇ ಅಟ್ಲಾಂಟಿಕ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೈಗೆ ಹೋಯಿತು. ಅದಕ್ಕೂ ಎ, ಬಿ, ಸಿಯೇ ಬೇಕಿತ್ತು. ಆಶ್‌ವಿಲ್‌ನವರು ಬಿಟ್ಟುಕೊಟ್ಟರು. 1928ರ ಕೊನೆಗೆ ಆ ಸ್ಟೇಷನ್ನನ್ನು ಸಿಬಿಎಸ್ ಎಂಬ ರೇಡಿಯೋ ಜಾಲ ಕೊಂಡಿತು. ಅಕ್ಷರ ಮಾತ್ರ ಹಾಗೇ ಉಳಿಯಿತು. ನನ್ನ ಡೈರಿಯವರು ಕೇಳಿದ್ದು ಇದನ್ನೇ, ಸಿಬಿಎಸ್‌ನ ಡಬ್ಲ್ಯುಎಬಿಸಿಯನ್ನು.

1940ರ ದಶಕದಲ್ಲಿ ಎಬಿಸಿ ಅನ್ನುವ ಹೆಸರಿನದೇ ಇನ್ನೊಂದು ಜಾಲ ಬಂತು, ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನಿ. ಎದುರಾಳಿಯ ಹೆಸರನ್ನು ತನ್ನ ಮುಖ್ಯ ಸ್ಟೇಷನ್ನಿನ ಮೇಲೆ ಹೊತ್ತುಕೊಂಡಿರಲು ಸಿಬಿಎಸ್‌ಗೆ ಮನಸ್ಸಿರಲಿಲ್ಲ. ಅದಕ್ಕೆ ಡಬ್ಲ್ಯುಸಿಬಿಎಸ್ ಬೇಕಾಯಿತು. ಆದರೆ ಆ ಅಕ್ಷರವೂ ಖಾಲಿ ಇರಲಿಲ್ಲ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಒಂದು ಸಣ್ಣ ಸ್ಟೇಷನ್ ಇಟ್ಟುಕೊಂಡಿತ್ತು. 1946ರಲ್ಲಿ ಅವರು ಡಬ್ಲ್ಯುಸಿವಿಎಸ್ ಆದರು, ನ್ಯೂಯಾರ್ಕಿನದು ಡಬ್ಲ್ಯುಸಿಬಿಎಸ್ ಆಯಿತು. 1953ರಲ್ಲಿ 770ರಲ್ಲಿದ್ದ ಡಬ್ಲ್ಯುಜೆಝಡ್ ತನ್ನ ಹಳೇ ಹೆಸರು ಬಿಟ್ಟು ಡಬ್ಲ್ಯುಎಬಿಸಿ ಆಯಿತು. ನಾನು ಕೇಳುತ್ತಾ ಬಂದ ಡಬ್ಲ್ಯುಎಬಿಸಿ ಇದು.

ಡಬ್ಲ್ಯುಜೆಝಡ್ ಅಕ್ಷರಗಳೂ ಅಲ್ಲಿಗೆ ಮಣ್ಣಾಗಲಿಲ್ಲ. 1921ರಲ್ಲಿ ಆ ಸ್ಟೇಷನ್ನನ್ನು ನ್ಯೂಯಾರ್ಕಿನ ಪಕ್ಕದ ನ್ಯೂಅರ್ಕ್‌ನಲ್ಲಿ ಶುರು ಮಾಡಿದ್ದು ವೆಸ್ಟಿಂಗ್‌ಹೌಸ್ ಕಂಪನಿ. ಅದೇ ಕಂಪನಿ 1957ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದು ಟಿವಿ ಸ್ಟೇಷನ್ ಕೊಂಡಾಗ ಆ ಅಕ್ಷರಗಳನ್ನೇ ಕೇಳಿ ತಂದು ಅದಕ್ಕಿಟ್ಟಿತು. ಕಳೆದುಕೊಂಡದ್ದನ್ನು ಮೂವತ್ತು ವರ್ಷ ಆದಮೇಲೂ ಮರೆಯದೆ ಹುಡುಕಿ ತಂದರಲ್ಲ, ನನಗೆ ತುಂಬಾ ಇಷ್ಟವಾದ ಭಾಗ ಇದು.

ಇಷ್ಟೆಲ್ಲ ಗೊತ್ತಾದ ಮೇಲೆ ನನ್ನ ಹಳೇ ಪಟ್ಟಿಯನ್ನು ಬದಿಗಿಟ್ಟೆ. ಅದರಲ್ಲಿ ಕಾಲ್ ಸೈನ್ ಅಂದರೇ ಸ್ಟೇಷನ್ ಅಂತ ಇತ್ತು. ಈಗ ಎರಡು ಪುಸ್ತಕ ಮಾಡಿದೆ. ಒಂದು ಅಕ್ಷರದ್ದು. ಅದರಲ್ಲಿ ಒಂದೊಂದು ಕಾಲ್ ಸೈನಿಗೆ ಒಂದೊಂದು ಪುಟ, ಅದು ಯಾರ್ಯಾರ ಹತ್ತಿರ ಯಾವಾಗ ಇತ್ತು ಅನ್ನುವ ವಿವರ. ಇನ್ನೊಂದು ಸ್ಟೇಷನ್ನಿನದು. ಅದರಲ್ಲಿ ಒಂದೊಂದು ಲೈಸೆನ್ಸಿಗೆ ಒಂದೊಂದು ಪುಟ, ಅದು ಯಾವ್ಯಾವ ಹೆಸರು ಹೊತ್ತಿತ್ತು ಅನ್ನುವ ವಿವರ. ಒಂದೇ ಘಟನೆ ಎರಡೂ ಕಡೆ ಬರೆಯಬೇಕು. ಕೆಲಸ ಜಾಸ್ತಿ. ಆದರೆ ಹೀಗೆ ಮಾಡಿದ ಮೇಲೆ ಎರಡು ಕಥೆ ಬೆರೆತುಹೋಗುವುದು ನಿಂತಿತು.

ಸ್ಟೇಷನ್ನಿನ ಪುಸ್ತಕಕ್ಕೆ ಆಧಾರ ಎಫ್‌ಸಿಸಿ, ಅಂದರೆ ಇಲ್ಲಿ ಪ್ರಸಾರಕ್ಕೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ. ಅದು ಪ್ರತಿ ಸ್ಟೇಷನ್ನಿಗೂ ಒಂದು ಫೆಸಿಲಿಟಿ ನಂಬರ್ ಕೊಟ್ಟಿದೆ. ಹೆಸರು ಬದಲಾಗಲಿ, ಮಾಲೀಕರು ಬದಲಾಗಲಿ, ಆ ನಂಬರ್ ಬದಲಾಗುವುದಿಲ್ಲ. ಹೊಲದ ಸರ್ವೆ ನಂಬರ್ ಇದ್ದ ಹಾಗೆ. ಹಳೇ ಕಾಲಕ್ಕೆ ಹಿಸ್ಟರಿ ಕಾರ್ಡ್‌ಗಳಿವೆ. 1927ರಿಂದ ಸುಮಾರು 1980ರವರೆಗೆ ಗುಮಾಸ್ತರು ಟೈಪ್ ಮಾಡಿ, ಕೆಲವು ಕಡೆ ಕೈಯಲ್ಲೇ ಬರೆದು ಇಟ್ಟ ಕಾರ್ಡುಗಳು. ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ಒಂದು ಕಾರ್ಡ್ ಪೂರ್ತಿ ಓದಲು ನನಗೆ ಒಂದು ಸಂಜೆ ಬೇಕು. ಅದಕ್ಕೂ ಹಿಂದಿನದಕ್ಕೆ ವಾಣಿಜ್ಯ ಇಲಾಖೆ ತಿಂಗಳಿಗೊಮ್ಮೆ ತರುತ್ತಿದ್ದ ರೇಡಿಯೋ ಸರ್ವೀಸ್ ಬುಲೆಟಿನ್ ನೋಡುತ್ತೇನೆ. ಮುಚ್ಚಿದ ಸ್ಟೇಷನ್ನಿನ ಮುಂದೆ ಅದರಲ್ಲಿ ‘ಎಲ್ಲ ವಿವರ ಹೊಡೆದುಹಾಕಿ’ ಅಂತ ಒಂದೇ ಸಾಲು ಇರುತ್ತದೆ. ಯಾರೋ ಆಸೆಯಿಂದ ಕಟ್ಟಿದ ಸ್ಟೇಷನ್, ಅಷ್ಟರಲ್ಲೇ ಮುಗಿಯಿತು. ಆ ಸಾಲು ಕಂಡಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ.

ಅಕ್ಷರ ಮತ್ತು ಕಿಲೋಸೈಕಲ್ ಎರಡೂ ಕೂಡಿದರೆ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಸಾಲದು ಅಂತ ಅದೇ ಡೈರಿ ತೋರಿಸಿತು. ಕೆವೈಡಬ್ಲ್ಯು, 1020, ಶಿಕಾಗೋ ಅಂತ ಮೊದಲಿನ ಪುಟಗಳಲ್ಲಿದೆ. ಕೊನೆಯ ಪುಟಗಳಲ್ಲಿ ಅದೇ ಕೆವೈಡಬ್ಲ್ಯು, ಅದೇ 1020, ಊರು ಮಾತ್ರ ಫಿಲಡೆಲ್ಫಿಯಾ. ಈ ಸಲ ತಿದ್ದಲು ಹೋಗಲಿಲ್ಲ, ಕಾರ್ಡ್ ತೆಗೆದೆ. 1934ರ ಡಿಸೆಂಬರಿನಲ್ಲಿ ಆ ಸ್ಟೇಷನ್ ನಿಜಕ್ಕೂ ಊರು ಬಿಟ್ಟು ಊರಿಗೆ ಹೋಗಿತ್ತು. 1956ರಲ್ಲಿ ಮಾಲೀಕರು ಸ್ಟೇಷನ್ ಅದಲುಬದಲು ಮಾಡಿಕೊಂಡಾಗ ಅಕ್ಷರ ಮಾತ್ರ ಕ್ಲೀವ್‌ಲ್ಯಾಂಡ್‌ಗೆ ಹೋಯಿತು, 1100ಕ್ಕೆ. ಸರ್ಕಾರ ಆ ಅದಲುಬದಲನ್ನು ರದ್ದು ಮಾಡಿದ ಮೇಲೆ 1965ರಲ್ಲಿ ಮತ್ತೆ ಫಿಲಡೆಲ್ಫಿಯಾಕ್ಕೆ ಬಂತು. ಅಂದರೆ ಒಂದು ಸಲ ಸ್ಟೇಷನ್ನೇ ನಡೆದಿದೆ, ಎರಡು ಸಲ ಬರೀ ಹೆಸರು ನಡೆದಿದೆ. ಒಂದೇ ಪುಸ್ತಕ ಇದ್ದಿದ್ದರೆ ಇದನ್ನು ಬರೆಯಲು ಜಾಗವೇ ಇರುತ್ತಿರಲಿಲ್ಲ.

ಕಿಲೋಸೈಕಲ್ ಕೂಡ ನಿಂತಲ್ಲಿ ನಿಲ್ಲುವುದಲ್ಲ. 1941ರ ಮಾರ್ಚ್ 29ರಂದು ಉತ್ತರ ಅಮೆರಿಕದ ದೇಶಗಳ ಒಪ್ಪಂದದಂತೆ ನೂರಾರು ಸ್ಟೇಷನ್ನುಗಳು ಡಯಲ್ಲಿನ ಮೇಲೆ ಜರುಗಿದವು. 860 ಹೋಗಿ 880 ಆಯಿತು, 760 ಹೋಗಿ 770, ಕೆವೈಡಬ್ಲ್ಯುವಿನ 1020 ಹೋಗಿ 1060. ನನ್ನ ಎರಡೂ ಪುಸ್ತಕಗಳಲ್ಲಿ ಆ ತಾರೀಕಿಗೆ ಕೆಂಪು ಗೆರೆ ಇದೆ. ಗೆರೆಯ ಮೇಲಿನ ಅಂಕಿಯನ್ನು ಕೆಳಗಿನದರ ಜೊತೆ ನಾನು ಯಾವತ್ತೂ ನೇರವಾಗಿ ಹೋಲಿಸುವುದಿಲ್ಲ.

ಹಂಚಿಕೊಂಡವರ ಕಥೆ ಇನ್ನೊಂದು ಥರ. ಟೆಕ್ಸಸ್‌ನಲ್ಲಿ ಫೋರ್ಟ್ ವರ್ತ್‌ನ ಡಬ್ಲ್ಯುಬಿಎಪಿ ಮತ್ತು ಡಲ್ಲಾಸ್‌ನ ಡಬ್ಲ್ಯುಎಫ್‌ಎಎ ಒಂದೇ 800ನ್ನು ಪಾಳಿ ಮೇಲೆ ಬಳಸುತ್ತಿದ್ದವು. ಪಾಳಿ ಬದಲಾಗುವಾಗ ಡಬ್ಲ್ಯುಬಿಎಪಿಯವರು ದನದ ಕೊರಳಿನ ಗಂಟೆ ಬಾರಿಸುತ್ತಿದ್ದರು. ಡೈರಿಯ ಒಂದು ಸಾಲಿನಲ್ಲಿ ಮೊದಲು ಡಬ್ಲ್ಯುಎಫ್‌ಎಎ ಅಂತ ಬರೆದು, ಅದರ ಕೆಳಗೆ ಚಿಕ್ಕದಾಗಿ ಒಂದು ಗಂಟೆಯ ಚಿತ್ರ ಬಿಡಿಸಿ, ಆಮೇಲೆ ಡಬ್ಲ್ಯುಬಿಎಪಿ ಅಂತ ಬರೆದಿದ್ದಾರೆ. ಅದನ್ನು ಕಂಪ್ಯೂಟರಿಗೆ ಹೇಗೆ ಏರಿಸುವುದು ಅಂತ ತಿಳಿಯದೆ ಫೋಟೋ ತೆಗೆದು ಹಾಕಿದೆ. ಮುಂದೆ ಇಬ್ಬರೂ 570ನ್ನೂ ಹೀಗೇ ಹಂಚಿಕೊಂಡರು. 1970ರಲ್ಲಿ ಪಾಲಾಯಿತು. ಡಬ್ಲ್ಯುಬಿಎಪಿಗೆ 820 (ಹಳೇ 800 ಇದೇ, 1941ರಲ್ಲಿ ಜರುಗಿದ್ದು), ಡಬ್ಲ್ಯುಎಫ್‌ಎಎಗೆ 570.

ಕಾಲ್ ಸೈನಿನ ಮೊದಲ ಅಕ್ಷರ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಡಬ್ಲ್ಯು, ಪಶ್ಚಿಮಕ್ಕೆ ಕೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ, ಕೆವೈಡಬ್ಲ್ಯು ಥರದ ಕೆಲವು ಹಳೇ ಅಪವಾದ ಬಿಟ್ಟರೆ. ಆ ಗಡಿ 1923ರಲ್ಲಿ ಬಂದದ್ದು, ಮೊದಲು ಇನ್ನೂ ಪಶ್ಚಿಮಕ್ಕಿತ್ತು. ಅದಕ್ಕೇ ಆ ಟೆಕ್ಸಸ್ ಸ್ಟೇಷನ್ನುಗಳಿಗೆ ಡಬ್ಲ್ಯು.

ಅದಕ್ಕಿಂತ ಹಿಂದಕ್ಕೆ ಹೋದರೆ ಕಡಲು ಸಿಗುತ್ತದೆ. ಇದೇ ಅಕ್ಷರಗಳು ಮೊದಲು ಹಡಗುಗಳಿಗೆ ಹೋಗುತ್ತಿದ್ದವು. ಅಟ್ಲಾಂಟಾದ ಡಬ್ಲ್ಯುಎಸ್‌ಬಿ 1922ರದು, ‘ದಕ್ಷಿಣಕ್ಕೆ ಸ್ವಾಗತ, ಸೋದರ’ ಅಂತ ಅದರ ಅರ್ಥ ಹೇಳುತ್ತಾರೆ. ಆದರೆ ಆ ಅಕ್ಷರ ಮೊದಲು ಫ್ರಾನ್ಸಿಸ್ ಎಚ್. ಲೆಗೆಟ್ ಎಂಬ ಹಡಗಿನದು. 1914ರಲ್ಲಿ ಅದು ಆರೆಗನ್ ಕರಾವಳಿಯ ಹತ್ತಿರ ಮುಳುಗಿತು, ಬದುಕಿದವರು ಇಬ್ಬರೇ. ಆಮೇಲೆ ಫರ್‌ವುಡ್ ಎಂಬ ಹಡಗಿಗೆ ಕೊಟ್ಟರು, ಅದು ಪೆರು ದೇಶದ ಹತ್ತಿರ ಬೆಂಕಿಗೆ ಸಿಕ್ಕಿತು. ಮುಳುಗಿದ ಹಡಗಿನ ಅಕ್ಷರ ಅಂದರೆ ನಾವಿಕರಿಗೆ ಅಪಶಕುನ. ಹಾಗಾಗಿ ಅಂಥವು ನೆಲದ ಮೇಲಿನ ಸ್ಟೇಷನ್ನುಗಳ ಪಾಲಿಗೆ ಬಂದವು. ನನ್ನ ಅಕ್ಷರ ಪುಸ್ತಕದಲ್ಲಿ ಡಬ್ಲ್ಯುಎಸ್‌ಬಿ ಪುಟದ ಮೊದಲ ಎರಡು ಸಾಲು ಈ ಹಡಗುಗಳವು. ಅವನ್ನು ಬಿಟ್ಟು ಸ್ವಾಗತದ ಅರ್ಥವನ್ನಷ್ಟೇ ಬರೆದರೆ ಸತ್ತವರಿಗೆ ಅನ್ಯಾಯ ಅಂತ ನನಗನ್ನಿಸುತ್ತದೆ.

ಆ ಹನ್ನೊಂದು ಸಾಲುಗಳನ್ನು ಒಂದೊಂದಾಗಿ ಮತ್ತೆ 860 ಮಾಡಿದೆ. ಈಗ ಏನನ್ನೇ ಏರಿಸುವಾಗಲೂ ಡೈರಿಯಲ್ಲಿ ಇದ್ದದ್ದು ಒಂದು ಕಾಲಂ, ನನ್ನ ಅಭಿಪ್ರಾಯ ಬೇರೆ ಕಾಲಂ.

2024ರ ಆಗಸ್ಟ್ 25ರ ರಾತ್ರಿ 880 ಹಾಕಿಕೊಂಡು ಕೂತಿದ್ದೆ. 1967ರಿಂದ ಸುದ್ದಿಯನ್ನೇ ಕೊಡುತ್ತಿದ್ದ ಡಬ್ಲ್ಯುಸಿಬಿಎಸ್ ಆ ರಾತ್ರಿ ಮುಗಿಯುವುದಿತ್ತು. ಹನ್ನೆರಡು ಗಂಟೆ ದಾಟಿತು, ಸ್ಟೇಷನ್ ಡಬ್ಲ್ಯುಎಚ್‌ಎಸ್‌ಕ್ಯು ಆಯಿತು. ಸ್ಟೇಷನ್ ಪುಸ್ತಕ ತೆಗೆದು ಡಬ್ಲ್ಯುಎಎಚ್‌ಜಿ, ಡಬ್ಲ್ಯುಎಬಿಸಿ, ಡಬ್ಲ್ಯುಸಿಬಿಎಸ್ ಇದ್ದ ಪುಟದಲ್ಲೇ ನಾಲ್ಕನೆಯ ಹೆಸರು ಸೇರಿಸಿದೆ. ಅಕ್ಷರ ಪುಸ್ತಕದಲ್ಲಿ ಡಬ್ಲ್ಯುಸಿಬಿಎಸ್ ಪುಟ ಇನ್ನೂ ಮುಗಿದಿಲ್ಲ. ಎಫ್‌ಎಂ 101.1ರಲ್ಲೂ ಟಿವಿಯ ಚಾನೆಲ್ 2ರಲ್ಲೂ ಆ ಅಕ್ಷರ ಇದೆ. ಕೆಳಗೆ ಜಾಗ ಬಿಟ್ಟಿದ್ದೇನೆ.