ಕಾಣೆಯಾದ ಇಂಗ್ಲಿಷ್ ಮ್ಯಾನರ್ ಮನೆಯ ಪಾಯ ಹುಡುಕುವ ಬಗೆ

ಹಳ್ಳಿಯ ಜಮೀನಿನ ಒಡೆಯ ವಾಸವಿದ್ದು ಗೇಣಿ ವಸೂಲಿ, ನ್ಯಾಯ ಪಂಚಾಯಿತಿ ನಡೆಸುತ್ತಿದ್ದ ದೊಡ್ಡ ಮನೆಯೇ ಮ್ಯಾನರ್ ಹೌಸ್. ಇಂಗ್ಲೆಂಡಿನಲ್ಲಿ ಇಂಥ ಎಷ್ಟೋ ಮನೆಗಳು ಇದ್ದ ಜಾಗ ಈಗ ಬರೀ ಹುಲ್ಲುಗಾವಲು. ಹಲವನ್ನು ಕೆಡವಿ, ಕಲ್ಲು, ಸೀಸ, ಮರ ಎಲ್ಲವನ್ನೂ ಮಾರಿಬಿಟ್ಟರು. ಹಾಗಾಗಿ ನೆಲದಲ್ಲಿ ಸಿಗುವುದು ಹೆಚ್ಚಾಗಿ ಗೋಡೆ ಕಿತ್ತ ಗುರುತು. ಅದನ್ನು ಓದಲು ಕಲಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲು ಕಾಗದ. ಆ ಕೌಂಟಿಯ (ಜಿಲ್ಲೆಯಂಥ ಆಡಳಿತ ಪ್ರದೇಶ) ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್, ಅಂದರೆ ಪುರಾತನ ನೆಲೆಗಳ ದಾಖಲೆ ನೋಡಿ. ಆಮೇಲೆ 1836ರ ಕಾಯ್ದೆಯಿಂದ ಹುಟ್ಟಿದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೇ ಪಾಲು) ನಕ್ಷೆ ತೆರೆದು ಹೊಲಗಳ ಹೆಸರು ಓದಿ: ‘ಹಾಲ್ ಕ್ಲೋಸ್’ (ದೊಡ್ಡ ಮನೆಯ ಹೊಲ), ‘ಮೋಟ್ ಫೀಲ್ಡ್’ (ಕಂದಕದ ಹೊಲ) ಎಂಬ ಹೆಸರಿದ್ದರೆ ಅಲ್ಲೇ ನಿಲ್ಲಿ. 1662ರಿಂದ 1689ರವರೆಗೆ ಇದ್ದ ಒಲೆ ತೆರಿಗೆಯ ಪಟ್ಟಿ ಮನೆಯ ಗಾತ್ರ ಹೇಳುತ್ತದೆ. ಒಲೆಯೊಂದಕ್ಕೆ ವರ್ಷಕ್ಕೆ 2 ಶಿಲಿಂಗ್. ಒಲೆ ಇಲ್ಲದ ಕೋಣೆಗಳೂ ಇರುತ್ತಿದ್ದವು, ಆದ್ದರಿಂದ ಒಲೆಯ ಲೆಕ್ಕವನ್ನೇ ಕೋಣೆಯ ಲೆಕ್ಕ ಮಾಡಬೇಡಿ. ಹಳೆಯ ನಕ್ಷೆಯನ್ನು ಇಂದಿನದರ ಮೇಲೆ ಕೂರಿಸುವಾಗ ಚರ್ಚಿನ ಗೋಪುರ, ರಸ್ತೆ ಕೂಡುವ ಜಾಗದಂಥ ಕನಿಷ್ಠ 4 ಗುರುತು ಹಿಡಿಯಿರಿ. ಬೇಲಿಯನ್ನು ನಂಬಬೇಡಿ, ಅದು ಜಾಗ ಬದಲಿಸುತ್ತದೆ.

ಸರ್ಕಾರಿ ಪರಿಸರ ಸಂಸ್ಥೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿಯ 1 ಮೀಟರ್ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ) ದತ್ತಾಂಶ ಉಚಿತ. ಮರ, ಕಟ್ಟಡ ತೆಗೆದ ನೆಲದ ಮಾದರಿಯನ್ನೇ ಇಳಿಸಿಕೊಳ್ಳಿ. ನೆರಳಿನ ಚಿತ್ರ ಮಾಡುವಾಗ ಬೆಳಕನ್ನು ಒಂದೇ ದಿಕ್ಕಿನಿಂದ ಬಿಟ್ಟರೆ, ಆ ದಿಕ್ಕಿಗೇ ಉದ್ದವಾಗಿರುವ ಏರು ಕಾಣುವುದೇ ಇಲ್ಲ. ನಾಲ್ಕಾರು ದಿಕ್ಕಿನಿಂದ ನೋಡಿ. ಬಿಸಿಲು ಕಾದ ಬೇಸಿಗೆಯಲ್ಲಿ ನೆಲವೇ ನಕ್ಷೆ ಬರೆದುಕೊಡುತ್ತದೆ: ಗೋಡೆಯ ಮೇಲೆ ಮಣ್ಣು ತೆಳು, ಹುಲ್ಲು ಬೇಗ ಒಣಗುತ್ತದೆ, ಮುಚ್ಚಿದ ಕಂದಕದ ಮೇಲೆ ಹಸಿರು ಉಳಿಯುತ್ತದೆ. 1938ರಲ್ಲಿ ಕೆಡವಿದ ನಾಟಿಂಗ್‌ಹ್ಯಾಮ್‌ಶೈರಿನ ಕ್ಲಂಬರ್ ಹೌಸಿನ ರೂಪರೇಖೆ 2018ರ ಬರದಲ್ಲಿ ಹೀಗೆಯೇ ಮೇಲೆದ್ದು ಬಂತು.

ನೆಲದೊಳಗನ್ನು ಅಳೆಯುವ ಯಂತ್ರ ಹಿಡಿಯುವ ಮುನ್ನ ಜಮೀನಿನವರ ಲಿಖಿತ ಒಪ್ಪಿಗೆ ಬೇಕು. ಜಾಗ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತನ ಸ್ಮಾರಕಗಳ 1979ರ ಕಾಯ್ದೆಯ 42ನೇ ಕಲಮಿನ ಪ್ರಕಾರ ಸ್ಮಾರಕ ರಕ್ಷಣೆಯ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡಿನ ಪರವಾನಗಿಯೂ ಬೇಕು. ಅಗೆಯುವುದಕ್ಕೆ ಬೇರೆಯೇ ಅನುಮತಿ.

ನೆಲಕ್ಕೆ ವಿದ್ಯುತ್ ಹಾಯಿಸಿ ಅದರ ತಡೆ ಅಳೆಯುವುದೇ ರೆಸಿಸ್ಟಿವಿಟಿ ಸರ್ವೆ; ಗೋಡೆಯ ಕಲ್ಲು ಹೆಚ್ಚು ತಡೆ ತೋರಿಸುತ್ತದೆ. ಅದಕ್ಕೆ 20×20 ಮೀಟರಿನ ಚೌಕ ಗುರುತು ಹಾಕಿ. ಓಡಾಡಿಸುವ ಎರಡು ಪ್ರೋಬ್‌ಗಳ (ನೆಲಕ್ಕೆ ಚುಚ್ಚುವ ಲೋಹದ ಕಡ್ಡಿಗಳ) ನಡುವೆ ಅರ್ಧ ಮೀಟರ್ ಅಂತರ, ಸ್ಥಿರ ಪ್ರೋಬ್‌ಗಳು ಚೌಕದಿಂದ ಕನಿಷ್ಠ 15 ಮೀಟರ್ ದೂರ. ಮೀಟರಿಗೊಂದು ಅಳತೆಯಾದರೆ ಚೌಕಕ್ಕೆ 400. ಅರ್ಧ ಮೀಟರಿಗೊಂದಾದರೆ 1,600. ಕಷ್ಟವಾದರೂ ಎರಡನೆಯದೇ ಮೇಲು, ಏಕೆಂದರೆ ಕೆಡವಿದಾಗ ಹರಡಿದ ಕಲ್ಲುಚೂರು ಒಂದೇ ದೊಡ್ಡ ಕಲೆಯಾಗಿ ಕಂಡು ಗೋಡೆಯ ಗೆರೆಯನ್ನು ನುಂಗಿಬಿಡುತ್ತದೆ. ಒಲೆ, ಇಟ್ಟಿಗೆಯಂಥ ಸುಟ್ಟ ಮಣ್ಣು ಹುಡುಕಲು ಕಾಂತತ್ವ ಅಳೆಯುವ ಮ್ಯಾಗ್ನೆಟೋಮೀಟರ್ ಒಳ್ಳೆಯದು. ಬೆಲ್ಟಿನ ಬಕಲ್, ಮೊಬೈಲ್ ದೂರವಿಡಿ. ತಂತಿಬೇಲಿಯ ಪಕ್ಕದ ಅಳತೆಗೆ ಬೆಲೆಯಿಲ್ಲ.

ಇನ್ನು ಅಗೆತ. ಕಲ್ಲು ಕಿತ್ತ ಕಾಲುವೆ ಪಕ್ಕದ ಮಣ್ಣಿಗಿಂತ ಸಡಿಲ. ಒಳಗೆ ಗಾರೆಯ ಪುಡಿ, ಒಡೆದ ಹೆಂಚು, ಮಾರಾಟಕ್ಕೆ ಬಾರದ ಚೂರು. ಅದರೊಳಗಿನ ವಸ್ತು ಮನೆ ಕೆಡವಿದ ಕಾಲಕ್ಕೆ ಸಾಕ್ಷಿ. ಮನೆ ಕಟ್ಟಿದ ಕಾಲ ತಿಳಿಯಬೇಕಾದರೆ ಪಾಯ ತೋಡಿದಾಗಿನ ಮಣ್ಣು ಅಂಚಿನಲ್ಲಿ ಉಳಿದಿದೆಯೇ ನೋಡಬೇಕು. ಇವೆರಡರ ಚೂರುಗಳನ್ನು ಒಂದೇ ಚೀಲಕ್ಕೆ ಹಾಕಿದಿರೋ, ಇಡೀ ಅಗೆತ ವ್ಯರ್ಥ. ತಂಬಾಕು ಸೇದುವ ಮಣ್ಣಿನ ಕೊಳವೆಯ ತುಂಡುಗಳ ರಂಧ್ರವನ್ನು ಡ್ರಿಲ್ ಬಿಟ್ಟಿನ ಹಿಂಬದಿಯಿಂದ ಅಳೆಯಿರಿ: ಇಂಚಿನ 64ರಲ್ಲಿ 7 ಭಾಗವಿದ್ದರೆ ಸುಮಾರು 1650–80, 5 ಭಾಗವಿದ್ದರೆ 1710–50. ಒಂದೆರಡು ತುಂಡಿನಿಂದ ತೀರ್ಮಾನಕ್ಕೆ ಬರಬೇಡಿ, ಹತ್ತಾರು ಬೇಕು.

ಕೆತ್ತಿದ ಕಲ್ಲು ಕಂಡರಂತೂ ಇನ್ನೂ ಎಚ್ಚರ. ಸರ್ರೆಯ ನಾನ್‌ಸಚ್ ಅರಮನೆಯನ್ನೇ ನೋಡಿ. 1538ರಲ್ಲಿ 8ನೇ ಹೆನ್ರಿ ಅದಕ್ಕಾಗಿ ಕಡಿಂಗ್ಟನ್ ಹಳ್ಳಿಯನ್ನು ಚರ್ಚು, ಮ್ಯಾನರ್ ಮನೆ ಸಮೇತ ಎತ್ತಿಸಿದ. ಮುಚ್ಚಿಸಿದ ಮೆರ್ಟನ್ ಮಠದ ಕೆತ್ತನೆಯ ಕಲ್ಲುಗಳು ಹೊಸ ಅರಮನೆಯ ಪಾಯಕ್ಕೆ ಬಿದ್ದವು. 1680ರ ದಶಕದಲ್ಲಿ ಅರಮನೆಯನ್ನೂ ಕೆಡವಿ ಮಾರಿದರು. 1959ರಲ್ಲಿ ಪುರಾತತ್ವಜ್ಞ ಮಾರ್ಟಿನ್ ಬಿಡಲ್ ನೇತೃತ್ವದಲ್ಲಿ ಅಗೆದಾಗ ಅರಮನೆಯ ಅಂಗಳದ ಕೆಳಗೆ ಆ ಹಳ್ಳಿಯ ಚರ್ಚಿನ ಪಾಯವೇ ಸಿಕ್ಕಿತು. ಮಠದ ಕಲ್ಲು ನೋಡಿ ಅಲ್ಲೇ ಮಠವಿತ್ತೆಂದು ಬರೆದಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಅಲ್ಲಿ ಕಾಗದವೂ ಕೈಹಿಡಿಯಿತು: ಚಿತ್ರಕಾರ ಯೋರಿಸ್ ಹುಫ್‌ನಾಗೆಲ್ 1568ರಲ್ಲಿ ಬರೆದ ಅರಮನೆಯ ಚಿತ್ರವಿತ್ತು, ಪಾರ್ಲಿಮೆಂಟು 1650ರಲ್ಲಿ ಮಾಡಿಸಿದ ಸರ್ವೆಯ ವಿವರಣೆಯಿತ್ತು.

ಅಗೆತ ಮುಗಿದ ಮೇಲೆ ತಳಕ್ಕೆ ನೀರು ಇಳಿಯಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೆಗೆದ ಮಣ್ಣನ್ನೇ ತುಂಬಿ ತುಳಿದು, ಹುಲ್ಲಿನ ಹೆಂಟೆ ಕೂರಿಸಿ. ಚಿನ್ನ, ಬೆಳ್ಳಿಯ ನಿಧಿಯೆನಿಸುವುದು ಸಿಕ್ಕರೆ 14 ದಿನದೊಳಗೆ ಕೊರೋನರ್‌ಗೆ (ನಿಧಿ, ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ತಿಳಿಸಬೇಕು. ವರದಿಯ ಒಂದು ಪ್ರತಿ ಕೌಂಟಿಯ ದಾಖಲೆಗೆ ಸೇರಲಿ, ಏನೂ ಸಿಗದ ಗುಂಡಿಗಳ ವಿವರವೂ ಅದರಲ್ಲಿರಲಿ.